ಬಿಸಿಲಿಗೆ ಹೋಗಬೇಡ, ಕಪ್ಪಾಗ್ತೀಯ

ನನ್ನ ಮಗಳು ನಿವೇದಿತಾಗೆ ಬಿಸಿಲು ಆಗುವುದಿಲ್ಲ. ಆಗುವುದಿಲ್ಲ ಎಂದರೆ ತಲೆನೋವು ಬರುತ್ತದೆ, ಸುಸ್ತಾಗುತ್ತದೆ ಎಂಬಂಥ ಮಾತಲ್ಲ. ಅವಳಿಗೆ ಲೂಪಸ್ ಎಂಬ ಕಾಯಿಲೆಯಿದೆ. ಮೈಯನ್ನು ಕಾಯಬೇಕಾದ ಶಕ್ತಿಯೇ ಮೈಮೇಲೆ ತಿರುಗಿಬೀಳುವ ಕಾಯಿಲೆ ಅದು. ಬಿಸಿಲು ತಾಗಿದರೆ ಕೆನ್ನೆಯ ಮೇಲೆ ಕೆಂಪು ಏಳುತ್ತದೆ, ಬೆರಳ ಗಂಟುಗಳು ಊದುತ್ತವೆ, ಜ್ವರ ಬರುತ್ತದೆ. ಹೋದ ವರ್ಷ ಒಮ್ಮೆ ಕಿಡ್ನಿಯವರೆಗೂ ಹೋಗಿತ್ತು. ಹನ್ನೊಂದು ದಿನ ಆಸ್ಪತ್ರೆಯಲ್ಲಿ ಮಲಗಿದ್ದಳು. ಇಂಥವಳು ಮರುಭೂಮಿಯಲ್ಲಿ ನಡೆಯುವ ಮೂರು ದಿನದ ಸಂಗೀತೋತ್ಸವಕ್ಕೆ ದೋಸೆ ಮಾರಲು ಹೊರಟಿದ್ದಾಳೆ ಎಂದು ಜಲಜಾ ಫೋನಿನಲ್ಲಿ ಹೇಳಿದಾಗ ನಾನೂ ಅಲ್ಲಿಗೆ ಹೋಗುವುದೆಂದು ತೀರ್ಮಾನಿಸಿದೆ.

ಜಲಜಾ ದಾವಣಗೆರೆಯವಳು. ಸಿಡ್ನಿಯ ಲಿವರ್‌ಪೂಲಿನಲ್ಲಿ ಗಂಡ ಶಂಭುಲಿಂಗನ ಜೊತೆ ಬೆಣ್ಣೆದೋಸೆಯ ಟ್ರಕ್ ನಡೆಸುತ್ತಾಳೆ. ನಿವಿ ಅವರ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದುಕೊಂಡು ಯೂನಿವರ್ಸಿಟಿಗೆ ಹೋಗುತ್ತಾಳೆ. ಶನಿವಾರ, ಭಾನುವಾರ ಟ್ರಕ್ಕಿನ ಮುಂದೆ ನಿಂತು ಆರ್ಡರ್ ತೆಗೆದುಕೊಳ್ಳುವುದು ಅವಳ ಕೆಲಸ. ನಾನಿರುವುದು ಮೆಲ್ಬರ್ನಿನಲ್ಲಿ. ಡಾಕ್‌ಲ್ಯಾಂಡ್ಸ್‌ನ ಒಂದು ಬ್ಯಾಂಕಿನ ಒಂಬತ್ತನೆಯ ಮಹಡಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಬೇರೆಯವರ ತಪ್ಪು ಹುಡುಕುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ಮನೆಯಲ್ಲಿ ಅದೇ ಕೆಲಸವನ್ನು ಪುಕ್ಕಟೆ ಮಾಡುತ್ತೇನೆ ಎಂದು ನನ್ನ ಗಂಡ ಬದರಿನಾಥ ಹೇಳುವುದುಂಟು.

ಆ ಗುರುವಾರ ನಾನು ರಜೆ ಹಾಕಿ, ಆರು ಟ್ಯೂಬ್ ಸನ್‌ಸ್ಕ್ರೀನ್, ಅಗಲ ಅಂಚಿನ ಎರಡು ಟೋಪಿ ಕೊಂಡು ತಂದಾಗ ಬದರಿ ಸೋಫಾದಿಂದಲೇ ಕೇಳಿದರು.

"ಅವಳಿಗೆ ಇಪ್ಪತ್ತು ವರ್ಷ ಕಣೇ. ಡಾಕ್ಟ್ರು ಹೇಳಿರೋದು ಅವಳಿಗೂ ಗೊತ್ತು. ನೀನು ಹೋಗಿ ಏನ್ ಮಾಡ್ತೀಯ?"

"ಹಚ್ತೀನಿ," ಎಂದೆ.

ಶುಕ್ರವಾರ ಬೆಳಗಿನ ಐದಕ್ಕೆ ಹೊರಟೆ. ಮಿಲ್ಡುರಾ ದಾಟಿದ ಮೇಲೆ ರಸ್ತೆಯಲ್ಲಿ ತಿರುವೇ ಇಲ್ಲ. ಎಡಕ್ಕೂ ಕೆಂಪು ಮಣ್ಣು, ಬಲಕ್ಕೂ ಕೆಂಪು ಮಣ್ಣು, ಮಧ್ಯೆ ಸ್ಟಿಯರಿಂಗ್ ಹಿಡಿದು ಗೊಣಗುತ್ತಿರುವ ನಾನು. ಒಂಬತ್ತು ಗಂಟೆ ಓಡಿಸಿ, ಬ್ರೋಕನ್ ಹಿಲ್ ಆಚೆಯ ಆ ಬಯಲು ಮುಟ್ಟುವಾಗ ಮಧ್ಯಾಹ್ನ ಎರಡೂವರೆ. ಸಾವಿರಾರು ಜನ. ದೊಡ್ಡದೊಂದು ವೇದಿಕೆ, ಡೇರೆಗಳು, ಕ್ಯಾರವಾನುಗಳು. ಗಂಡಸರು ಅರೆಬತ್ತಲೆಯಾಗಿ ಸೀಗಡಿಯಂತೆ ಬೆಂದು ಕೆಂಪಾಗಿದ್ದರು. ಗೇಟಿನ ಹತ್ತಿರದ ಬೋರ್ಡಿನಲ್ಲಿ ಬಿಸಿಲಿನ ತೀವ್ರತೆ ಅಳೆಯುವ ಯುವಿ ಅಂಕ ಆ ದಿನ ಹತ್ತು, ಬಲು ಹೆಚ್ಚು ಎಂದು ಬರೆದು, ನೆರಳಿನಲ್ಲಿರಿ ಎಂದು ಬುದ್ಧಿ ಹೇಳಿದ್ದರು. ನೆರಳೆಲ್ಲಿದೆ ಎಂದು ಮಾತ್ರ ಬರೆದಿರಲಿಲ್ಲ.

ಟ್ರಕ್ಕಿನ ಮುಂದೆ ನಿವಿ ನಿಂತಿದ್ದಳು. ತೋಳಿಲ್ಲದ ಕಪ್ಪು ಬನಿಯನ್, ಬರಿದಲೆ. ಟೋಪಿಯೂ ಇಲ್ಲ, ಏನೂ ಇಲ್ಲ. ಭುಜದ ಮೇಲೆ ಬಿಸಿಲು ಸುರಿಯುತ್ತಿತ್ತು. ಹೇಗಿದ್ದೀಯ ಮಗಳೇ ಎಂದು ಕೇಳಬೇಕಾದವಳು ಮೊದಲು ಅಂದದ್ದು ಇಷ್ಟೇ:

"ತೋಳು ಮುಚ್ಚಿಕೋ."

"ಹಾಯ್ ಅಮ್ಮ. ನೈಸ್ ಟು ಸೀ ಯೂ ಟೂ," ಎಂದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ. ಕೋಪ ಬಂದಾಗ ಇಂಗ್ಲಿಷಿನಲ್ಲೇ ಉತ್ತರ.

ನಾನು ಟ್ಯೂಬ್ ಮುಂದೆ ಹಿಡಿದೆ. ಅವಳು ಅದನ್ನು ತೆಗೆದುಕೊಂಡು ಚಟ್ನಿ ಡಬ್ಬಿಗಳ ಪಕ್ಕ ಇಟ್ಟು, "ಲೇಟರ್" ಎಂದು ಮುಂದಿನ ಗಿರಾಕಿಯ ಕಡೆ ತಿರುಗಿದಳು. ಸಂಜೆಯವರೆಗೆ ಆ ಟ್ಯೂಬಿನ ಮುಚ್ಚಳ ತೆರೆಯಲಿಲ್ಲ.

ಇದಕ್ಕೆಲ್ಲ ಕಾರಣ ನಾನೇ ಎಂದು ನನಗೆ ಗೊತ್ತಿಲ್ಲದೆ ಇಲ್ಲ. ನಿವಿ ನಾಲ್ಕು ವರ್ಷದವಳಿದ್ದಾಗ ನಾವು ಮೈಸೂರಿನಿಂದ ಬಂದೆವು. ಹುಟ್ಟುವಾಗಲೇ ಅವಳು ನಮ್ಮತ್ತೆಯ ಬಣ್ಣ. ಅತ್ತೆಯೇ ತೊಟ್ಟಿಲಿಗೆ ಬಗ್ಗಿ, "ಅಯ್ಯೋ, ನನ್ನ ಹಾಗೇ ಆಯ್ತಲ್ಲೇ" ಎಂದು ಮರುಗಿದ್ದರು. ಅಂದಿನಿಂದ ಕಡಲೆಹಿಟ್ಟು, ಹಾಲಿನ ಕೆನೆ, ಆಮೇಲೆ ಅಂಗಡಿಯ ಕ್ರೀಮುಗಳು. ಇಲ್ಲಿನ ಸ್ಕೂಲಿನಲ್ಲಿ ಟೋಪಿ ತರದ ಮಕ್ಕಳನ್ನು ಆಟಕ್ಕೆ ಬಿಡುವುದಿಲ್ಲ ಎಂಬ ನಿಯಮ ಕೇಳಿದಾಗ ಎಂಥ ಒಳ್ಳೆಯ ದೇಶ ಎಂದು ನಾನು ಕೊಂಡಾಡಿದ್ದೆ. ಅವರು ಹೇಳಿದ್ದು ಚರ್ಮದ ಕ್ಯಾನ್ಸರಿಗೆ, ನಾನು ಕೇಳಿಸಿಕೊಂಡದ್ದು ಮದುವೆಗೆ. ಹತ್ತು ವರ್ಷಕ್ಕೆ ಈಜು ಬಿಡಿಸಿದೆ. ಅವಳಿಗೆ ಈಜು ಇಷ್ಟವಿತ್ತು, ಚೆನ್ನಾಗಿಯೂ ಈಜುತ್ತಿದ್ದಳು. ಬಿಸಿಲಿಗೆ ಹೋಗಬೇಡ, ಕಪ್ಪಾಗ್ತೀಯ. ದಿನಕ್ಕೆ ಎರಡು ಸಲದಂತೆ ಇಟ್ಟುಕೊಂಡರೂ ಎಷ್ಟು ಸಾವಿರ ಸಲ ಅಂದಿರಬಹುದು!

ಅಷ್ಟೇ ಆಗಿದ್ದರೆ ಬೇರೆಯ ಮಾತು. ಹೋದ ವರ್ಷ ಸಿಡ್ನಿಯಲ್ಲಿ ಸ್ಪೆಷಲಿಸ್ಟ್ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಕಾಯಿಲೆಯ ಹೆಸರು ಹೇಳಿದರು. ಇನ್ನು ಮೇಲೆ ಜೀವಮಾನವಿಡೀ ಬಿಸಿಲಿನಿಂದ ದೂರವಿರಬೇಕು ಎಂದರು. ನಿವಿ ಅಳಲಿಲ್ಲ, ಬೆರಳು ಹಿಸುಕಿಕೊಳ್ಳುತ್ತ ಕೂತಿದ್ದಳು. ಆಗ ನನ್ನ ಬಾಯಿಂದ ಬಂದ ಮಾತನ್ನು ಬರೆಯುವುದಕ್ಕೂ ನಾಚಿಕೆಯಾಗುತ್ತದೆ. "ನಾನು ಚಿಕ್ಕಂದಿನಿಂದ ಇದನ್ನೇ ಹೇಳ್ತಿದೀನಿ ಡಾಕ್ಟ್ರೇ, ಕೇಳಲ್ಲ. ನೋಡಿ, ಎಷ್ಟು ಕಪ್ಪಾಗಿದಾಳೆ," ಎಂದು ಇಂಗ್ಲಿಷಿನಲ್ಲಿ ಅಂದೆ. ಹೆದರಿಕೆಯಲ್ಲಿ ಬಾಯಿಗೆ ಅಭ್ಯಾಸವಾದದ್ದು ಬಂತು. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ನಿವಿ ನನ್ನನ್ನು ನೋಡಲಿಲ್ಲ. ಮನೆಗೆ ಬರುವಾಗ ರೈಲಿನಲ್ಲಿ ಬೇರೆ ಸೀಟಿನಲ್ಲಿ ಕೂತಳು.

ಶನಿವಾರ ಬೆಳಗ್ಗೆ ಒಂಬತ್ತಕ್ಕೇ ಮಣ್ಣು ಕಾಯತೊಡಗಿತ್ತು. ಡೇರೆಯಲ್ಲಿ ಮಲಗಿ ನನ್ನ ಸೊಂಟ ಹಿಡಿದುಕೊಂಡಿತ್ತು. ಟ್ರಕ್ಕಿನೊಳಗೆ ಶಂಭುಲಿಂಗ ಕಾವಲಿಗೆ ನೀರು ಚಿಮುಕಿಸುತ್ತಿದ್ದ, ನಾನು ಈರುಳ್ಳಿ ಹೆಚ್ಚಲು ಕೂತೆ. ಅರ್ಧ ಗಂಟೆಗೊಮ್ಮೆ ಕಿಟಕಿಯಿಂದ ಕತ್ತು ಹೊರಹಾಕಿ ನಿವಿಯನ್ನು ನೋಡುವುದು, ಟೋಪಿ ಎನ್ನುವುದು, ಒಳಗೆ ಬರುವುದು. ಅವಳು ಅದೇ ಬನಿಯನ್ನಿನಲ್ಲಿದ್ದಳು. ಕೇಳಿಸದವಳಂತೆ ಕಾರ್ಡ್ ಮೆಷಿನ್ ಹಿಡಿದು ಸಾಲಿನುದ್ದಕ್ಕೂ ಓಡಾಡುತ್ತಿದ್ದಳು.

ಹತ್ತೂವರೆಗೆ ನನಗೆ ತಡೆಯಲಾಗಲಿಲ್ಲ. ಕೈತುಂಬ ಸನ್‌ಸ್ಕ್ರೀನ್ ಹಿಂಡಿಕೊಂಡು ಹೊರಗೆ ಹೋಗಿ, ಸಾಲಿನಲ್ಲಿ ನಿಂತವರೆಲ್ಲ ನೋಡುತ್ತಿದ್ದಂತೆ ಅವಳ ಭುಜಕ್ಕೆ ಬಳಿದೆ. ಎಣ್ಣೆ ನೀರಿಗೆ ಮಗುವನ್ನು ಹಿಡಿಯುವ ಹಾಗೆ ರಟ್ಟೆ ಹಿಡಿದಿದ್ದೆ. ಅವಳು ಕೊಸರಿಕೊಂಡಳು. ಕಾರ್ಡ್ ಮೆಷಿನ್ ಮಣ್ಣಿಗೆ ಬಿತ್ತು.

"ಡೋಂಟ್ ಟಚ್ ಮೀ!"

ಅವಳ ಕಂದು ಭುಜದ ಮೇಲೆ ಬಿಳಿ ಕ್ರೀಮು ಗೋಡೆಗೆ ಅರ್ಧ ಸುಣ್ಣ ಹೊಡೆದ ಹಾಗೆ ಕಾಣುತ್ತಿತ್ತು. ಅದನ್ನು ಅವಳು ಟಿಶ್ಯೂ ತೆಗೆದು ಒರೆಸಿದಳು. ನನ್ನ ಕಣ್ಣನ್ನೇ ನೋಡುತ್ತ, ಒಂದಿಷ್ಟೂ ಉಳಿಯದಂತೆ ಒರೆಸಿದಳು.

ಜಲಜಾ ನನ್ನ ರಟ್ಟೆ ಹಿಡಿದು ಟ್ರಕ್ಕಿನ ಹಿಂದಕ್ಕೆ ಕರೆತಂದಳು. ಗ್ಯಾಸ್ ಸಿಲಿಂಡರಿನ ಪಕ್ಕ ಹಿಟ್ಟಿನ ಡಬ್ಬ ಬೋರಲು ಹಾಕಿ ಕೂರಿಸಿ, ಮಜ್ಜಿಗೆ ಕೊಟ್ಟಳು.

"ಒಂದ್ ಮಾತು ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ ಅಹಲ್ಯಾ."

"ಹೇಳಿ."

"ನಿಮ್ ಮಗಳು ನಮ್ಮನಿಗೆ ಬಂದು ವರ್ಷದ ಮ್ಯಾಲಾತು. ಬಸ್ ಸ್ಟಾಪಿಗೆ ಹೋಗ್ಬೇಕಾದ್ರೂ ಉದ್ದ ತೋಳಿನ ಅಂಗಿ, ಕೈಗೆ ಗ್ಲೌಸು. ಎರಡು ತಾಸಿಗೊಮ್ಮೆ ಫೋನು ಬಡ್ಕೋತೈತಿ, ಎದ್ದು ಹೋಗಿ ಕ್ರೀಮ್ ಹಚ್ಕೋತಾಳ. ನಾವು ಇಲ್ಲಿಗೆ ಬಂದಿದ್ದು ಗುರುವಾರ. ಗುರುವಾರ ಪೂರಾ, ನಿನ್ನೆ ಮಧ್ಯಾಹ್ನದ ತನಕ, ಮುಖ ಬಿಟ್ರೆ ಏನೂ ಕಾಣ್ತಿರ್ಲಿಲ್ಲ ರೀ ಅವಳದ್ದು."

"ಮತ್ತೆ ನಾನು ಬಂದಾಗ?"

ಜಲಜಾ ಸೆರಗಿಲ್ಲದ ತನ್ನ ಟೀಶರ್ಟಿನ ಅಂಚಿಗೆ ಕೈ ಒರೆಸಿಕೊಂಡಳು.

"ನಿಮ್ ಕಾರು ಗೇಟಿನಾಗ ಬರೋದು ನೋಡಿ ಅಂಗಿ ಬಿಚ್ಚಿಟ್ಲು. ಟೋಪಿನೂ ತೆಗೆದ್ಲು. ನಾನು ಬೈದೆ. ಆಂಟಿ, ನಿಮಗೆ ತಿಳಿಯಂಗಿಲ್ಲ ಬಿಡ್ರಿ ಅಂದ್ಲು."

ಮಜ್ಜಿಗೆಯ ಲೋಟ ಕೆಳಗಿಟ್ಟೆ. ಒಂಬತ್ತು ಗಂಟೆ ಕಾರು ಓಡಿಸಿ ನಾನು ನನ್ನ ಮಗಳ ಮೈಮೇಲೆ ಬಿಸಿಲು ತಂದುಹಾಕಿದ್ದೆ.

ನಿವಿ ಮಣ್ಣು ಮೆತ್ತಿದ ಕಾರ್ಡ್ ಮೆಷಿನ್ ಒರೆಸಲೆಂದು ಹಿಂದೆ ಬಂದಳು. ಜಲಜಾ ಒಳಗೆ ಹೋದಳು. ಹತ್ತಿರದಿಂದ ನೋಡಿದೆ. ಮೂಗಿನ ಎರಡೂ ಬದಿಗೆ, ಕೆನ್ನೆಯ ಮೇಲೆ ಕೆಂಪು ಆಗಲೇ ಏಳುತ್ತಿತ್ತು. ಮೆಷಿನ್ ಹಿಡಿದ ಬೆರಳುಗಳನ್ನು ಅವಳು ಪೂರ್ತಿ ಮಡಿಸುತ್ತಿರಲಿಲ್ಲ.

"ನೋವಿದೆಯಾ?"

"ಸ್ವಲ್ಪ." ಕನ್ನಡದಲ್ಲಿ ಅಂದಳು.

"ನಿವಿ, ನಾನು ಬಣ್ಣಕ್ಕೆ ಹೇಳ್ತಿಲ್ಲ ಕಣೇ. ಆಣೆ ಮಾಡಿ ಹೇಳ್ತೀನಿ. ನಿನ್ನ ಕಿಡ್ನಿಗೆ ಏನಾದ್ರೂ ಆಗುತ್ತೆ ಅಂತ ನಂಗೆ ಭಯ. ನೀನು ಯಾವ ಬಣ್ಣ ಇದ್ರೂ ನಂಗೇನೂ..."

"ಐ ನೋ ಅಮ್ಮ." ದನಿ ಏರಲಿಲ್ಲ. ಜಗಳವಾಡಿದ್ದರೆ ನನಗೆ ಸಲೀಸಾಗುತ್ತಿತ್ತು, ಆದರೆ ಅವಳೂ ದಣಿದಿದ್ದಳು. "ತಲೇಲಿ ಗೊತ್ತು. ಬಟ್ ನೀನು ಕವರ್ ಮಾಡ್ಕೋ ಅಂದ ತಕ್ಷಣ ನಂಗೆ ಕಪ್ಪಾಗ್ತೀಯ ಅನ್ನೋದೊಂದೇ ಕೇಳ್ಸೋದು. ನೀನು ನೋಡ್ತಿರುವಾಗ ಸ್ಲೀವ್ಸ್ ಹಾಕ್ಕೊಂಡ್ರೆ, ನನ್ನ ನಾನೇ ಬಚ್ಚಿಟ್ಕೊಂಡ ಹಾಗೆ ಅನ್ಸುತ್ತೆ. ಇಟ್ಸ್ ಸ್ಟುಪಿಡ್. ಐ ನೋ ಇಟ್ಸ್ ಸ್ಟುಪಿಡ್. ಆದ್ರೆ ಆಗಲ್ಲ, ಅಮ್ಮ. ಟ್ರೈ ಮಾಡ್ದೆ."

ತಪ್ಪಾಯ್ತು ಎಂದೆ. ಕೇಳಿಸಿತೋ ಇಲ್ಲವೋ, ವೇದಿಕೆಯ ಮೇಲೆ ಯಾರೋ ಡ್ರಮ್ ಬಾರಿಸತೊಡಗಿದ್ದರು. ಇನ್ನೊಮ್ಮೆ ಜೋರಾಗಿ ಹೇಳಿದೆ. ಅವಳು ತಲೆಯಾಡಿಸಿದಳು. ಇಷ್ಟು ವರ್ಷ ಆಡಿದ್ದನ್ನು ಒಂದು ತಪ್ಪಾಯ್ತು ಅಳಿಸಿಬಿಡುತ್ತದೆ ಎಂದು ನಾನೂ ನಂಬಿರಲಿಲ್ಲ.

"ಹಾಗಿದ್ರೆ ನಾನು ಹೊರಡ್ತೀನಿ," ಎಂದೆ.

"ಈಗ್ಲಾ? ನಾಳೆವರೆಗೂ ಇರ್ತೀನಿ ಅಂದಿದ್ದೆ. ಅಷ್ಟು ದೂರ ಬಂದಿದೀಯ."

"ಮಿಲ್ಡುರಾದಲ್ಲಿ ಮಲಗಿ ನಾಳೆ ಹೋಗ್ತೀನಿ."

ಇರು ಎನ್ನುತ್ತಾಳೇನೋ ಎಂದು ಕಾದೆ. ಸುಳ್ಳೇಕೆ, ಆಸೆಯಿತ್ತು. ಅವಳು ನನ್ನ ಬಾಟಲಿ ತೆಗೆದುಕೊಂಡು ಹೋಗಿ ತಣ್ಣೀರು ತುಂಬಿಸಿ ತಂದಳು.

ಶಂಭುಲಿಂಗ ನಾಲ್ಕು ದೋಸೆ ಕಟ್ಟಿಕೊಟ್ಟ. ಮಧ್ಯಾಹ್ನ ಹನ್ನೆರಡರ ಬಿಸಿಲು. ಕಾರಿನ ಬಾಗಿಲು ಮುಟ್ಟಿದರೆ ಚುರ್ ಎನ್ನುತ್ತಿತ್ತು. ನನ್ನನ್ನು ಕಳಿಸಲು ನಿವಿ ಟ್ರಕ್ಕಿನ ನೆರಳು ಬಿಟ್ಟು ಬಯಲಿಗೆ ಬಂದು ನಿಂತಳು. ನಾನು ಸೀಟಿನಲ್ಲಿ ಕೂತು, ಬೆಲ್ಟ್ ಹಾಕಿಕೊಂಡು, ದೋಸೆಯ ಪೊಟ್ಟಣವನ್ನು ಪಕ್ಕಕ್ಕೆ ಸರಿಯಾಗಿ ಇಟ್ಟೆ. ಇನ್ನೊಂದು ನಿಮಿಷ ಅವಳ ಮುಖ ನೋಡುವುದಕ್ಕಾಗಿ ಕನ್ನಡಕ ಹುಡುಕುವ ನಾಟಕ ಮಾಡಿದೆ. ತಲೆಯೆತ್ತಿದಾಗ ಅವಳ ಕೈಯಲ್ಲಿ ಉದ್ದ ತೋಳಿನ ನೀಲಿ ಶರ್ಟೊಂದು ಕಂಡಿತು. ಟ್ರಕ್ಕಿನಿಂದ ಹೊರಡುವಾಗಲೇ ತಂದಿರಬೇಕು. ಅದನ್ನು ಎದೆಗೊತ್ತಿ ಹಿಡಿದುಕೊಂಡಿದ್ದಳು. ಭುಜಗಳು ಹಾಗೆಯೇ ಬತ್ತಲೆ, ಬಿಸಿಲಿಗೆ ಹೊಳೆಯುತ್ತಿದ್ದವು. ನಾನು ಹೋಗುವುದನ್ನು ಕಾಯುತ್ತಿದ್ದಳು.

ನನಗೆ ಹೇಳಲು ಇನ್ನೂ ಎಷ್ಟೋ ಇತ್ತು. ಕೈ ಬೀಸಲೂ ನಿಲ್ಲದೆ ಗೇರ್ ಹಾಕಿ, ಆದಷ್ಟು ಬೇಗ ಅವಳ ಕಣ್ಣಿಂದ ಮರೆಯಾದೆ.