ಒಡೆದ ಕಣಗಳ ಲೆಕ್ಕ

ಕಾರ್ಖಾನೆಯ ವಾರ್ಷಿಕ ತಪಾಸಣೆಗೆ ಬಂದಿದ್ದ ಮುತ್ತಣ್ಣನ ರಕ್ತದ ಸ್ಲೈಡಿನ ತುಂಬ ಕಲೆಗಳು. ದುಂಡನೆಯ ಬಿಳಿ ರಕ್ತಕಣಗಳು ಇರಬೇಕಾದ ಕಡೆಯೆಲ್ಲ ಹಿಚುಕಿದ ನೇರಳೆಹಣ್ಣಿನಂತೆ ಬಣ್ಣ ಹರಡಿತ್ತು. ಪೀಣ್ಯದ ಆ ಲ್ಯಾಬಿಗೆ ಹೊಸದಾಗಿ ಸೇರಿದ್ದ ಡಾಕ್ಟರ್ ಸ್ಫೂರ್ತಿ ಅವನ ಹೋದ ವರ್ಷದ ರಿಪೋರ್ಟ್ ತೆಗೆಸಿದಳು. ‘ಸ್ಲೈಡ್ ಚೆನ್ನಾಗಿ ಬಂದಿಲ್ಲ. ಉಳಿದಂತೆ ನಾರ್ಮಲ್.’ ಅವಳಿಗೆ ಮೈಯೆಲ್ಲ ಉರಿಯಿತು.

“ಒಡೆದಿದ್ದನ್ನ ಎಣಿಸೋದಿಲ್ಲಮ್ಮ, ಇಲ್ಲಿ ಮೊದ್ಲಿಂದ ಹಾಗೇ,” ಎಂದರು ಲ್ಯಾಬಿನ ಹಿರಿಯ ಡಾಕ್ಟರ್ ಶೇಖರಪ್ಪ. “ಟೆಕ್ನಿಷಿಯನ್ ಕೊಟ್ರೇಶನ ಕೈ ಭಾರ, ರಕ್ತಾನ ಗಾಜಿನ ಮೇಲೆ ಎಳೆಯೋವಾಗ ಕಣಗಳನ್ನ ಜಜ್ಜಿಬಿಡ್ತಾನೆ. ನಾರ್ಮಲ್ ಅಂತ ಕಳಿಸು, ಫ್ಯಾಕ್ಟರಿಯವ್ರು ಕಾಯ್ತಿದಾರೆ.”

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ನೋಡಲಾರದವರು ಎಳೆದವನ ಕೈ ಡೊಂಕು ಎನ್ನುತ್ತಿದ್ದರು. ಅದೇ ಕೈ ಆ ಬೆಳಿಗ್ಗೆ ಅದೇ ಕಾರ್ಖಾನೆಯ ಉಳಿದವರ ರಕ್ತವನ್ನೂ ಗಾಜಿನ ಮೇಲೆ ಎಳೆದಿತ್ತು. ಅವರ ಕಣಗಳು ಗಟ್ಟಿಮುಟ್ಟಾಗಿಯೇ ಇದ್ದವು.

“ಕೊಟ್ರೇಶನಿಗೆ ಮುತ್ತಣ್ಣನ ಮೇಲೆ ಮಾತ್ರ ಹಗೇನಾ ಸಾರ್?”

ಶೇಖರಪ್ಪ ಕನ್ನಡಕ ಒರೆಸಿಕೊಂಡರು. ಸ್ಫೂರ್ತಿ ಕಾಯಲಿಲ್ಲ. ರಕ್ತದ ಗುಂಪು ನೋಡಲು ಫ್ರಿಜ್ಜಿನಲ್ಲಿಟ್ಟಿದ್ದ ಆಲ್ಬುಮಿನ್ ಎಂಬ ಪ್ರೋಟೀನ್ ದ್ರಾವಣದ ಬಾಟಲಿ ತೆಗೆದು, ಮುತ್ತಣ್ಣನ ರಕ್ತಕ್ಕೆ ಒಂದು ಹನಿ ಬೆರೆಸಿದಳು. ಮೆತ್ತಗಾದ ಕಣಗಳಿಗೆ ಅದು ಆಸರೆ ಕೊಡುತ್ತದೆ, ಎಳೆದರೂ ಒಡೆಯಲು ಬಿಡುವುದಿಲ್ಲ. ಹೊಸ ಸ್ಲೈಡನ್ನು ಬೇಕೆಂದೇ ಕೊಟ್ರೇಶನ ಕೈಯಲ್ಲೇ ಎಳೆಸಿದಳು.

ಬಣ್ಣ ಹಾಕಿ ನೋಡಿದರೆ, ಹೆಚ್ಚುಕಮ್ಮಿ ಎಲ್ಲ ಕಣಗಳೂ ಇಡಿಯಾಗಿದ್ದವು. ಬಿಳಿ ರಕ್ತಕಣಗಳಲ್ಲೇ ಒಂದು ಜಾತಿಯಾದ ಲಿಂಫೋಸೈಟುಗಳು, ಬರೀ ಲಿಂಫೋಸೈಟುಗಳು, ಸಂತೆಯಂತೆ ಕಿಕ್ಕಿರಿದಿದ್ದವು. ನಿಧಾನವಾಗಿ ಬೆಳೆಯುವ ರಕ್ತದ ಕ್ಯಾನ್ಸರಿನಲ್ಲಿ ಹೀಗೆ ಕಾಣುತ್ತದೆ, ಕತ್ತಿನಲ್ಲಿ ಗಂಟುಗಳೂ ಏಳುತ್ತವೆ. ಇಷ್ಟು ದಿನ ಕಸವೆಂದು ಲೆಕ್ಕದಿಂದ ಬಿಟ್ಟದ್ದೇ ರೋಗವಾಗಿತ್ತು.

ಶೇಖರಪ್ಪ ಮೈಕ್ರೋಸ್ಕೋಪಿಗೆ ಬಗ್ಗಿ ನೋಡಿದರು. “ಸರಿ, ಈ ಸಲ ಬರಿ. ಹಳೇದನ್ನ ಕೆದಕ್ಬೇಡ,” ಎಂದರು.

ಸ್ಫೂರ್ತಿ ಮುತ್ತಣ್ಣನನ್ನು ಒಳಗೆ ಕರೆಸಿದಳು. ಲಗ್ಗೆರೆಯವನು, ಲೇತ್ ಕೆಲಸದವನು. ಯೂನಿಫಾರ್ಮ್ ಕಾಲರು ಸೊರಗಿದ ಕತ್ತಿಗೆ ದೊಡ್ಡದಾಗಿತ್ತು. ರಕ್ತದ ಕ್ಯಾನ್ಸರಿನ ಅನುಮಾನವಿದೆ, ದೊಡ್ಡಾಸ್ಪತ್ರೆಯಲ್ಲಿ ಇನ್ನೊಂದು ಪರೀಕ್ಷೆ ಆಗಲೇಬೇಕು ಎಂದು ಬಿಡಿಸಿ ಹೇಳಿದಳು.

“ಹೋದ್ವರ್ಷ ನಾರ್ಮಲ್ ಅಂದಿದ್ರಲ್ಲ ಮೇಡಂ?”

“ಆಗ ಸ್ಲೈಡು...” ಎಂದು ಶೇಖರಪ್ಪ ಶುರುಮಾಡಿದರು.

“ಸ್ಲೈಡು ಸರಿಯಾಗೇ ಇತ್ತು,” ಎಂದಳು ಸ್ಫೂರ್ತಿ. “ನೋಡ್ಬೇಕಾದವ್ರು ನೋಡ್ಲಿಲ್ಲ.”

ಮುತ್ತಣ್ಣ ಕಾಲರು ಸರಿಸಿ, ಕತ್ತಿನಲ್ಲಿ ಎದ್ದಿದ್ದ ಗಂಟುಗಳ ಮೇಲೆ ಬೆರಳಿಟ್ಟ. ನೋಡಿದ್ದು ಶೇಖರಪ್ಪನವರ ಕಡೆಗೆ.

“ಇವು ಆಗ್ಲೂ ಇದ್ವು ಸಾರ್. ನಿಮ್ಗೇ ತೋರ್ಸಿದ್ದೆ.”