ಹಾಜರಿಯ ಹತ್ತು ದಿನ

ಎಪ್ಪತ್ತನಾಲ್ಕನೇ ಇಸವಿಯ ಭರಮಸಾಗರದಲ್ಲಿ ನಾಯಿಗಳಿಗೇನೂ ಕೊರತೆಯಿರಲಿಲ್ಲ. ಆದರೆ ನಾಯಿಯ ಕೊರಳಿಗೆ ಹಗ್ಗ ಕಟ್ಟಿ, ಅದರ ಇನ್ನೊಂದು ತುದಿಯನ್ನು ಕೈಯಲ್ಲಿ ಹಿಡಿದು ದಿನವೂ ರಸ್ತೆಯಲ್ಲಿ ನಡೆಯುತ್ತಿದ್ದವರು ಕೊಟ್ರಮ್ಮ ಟೀಚರು ಒಬ್ಬರೇ.

ಕೊಟ್ರಮ್ಮನಿಗೆ ಆಗ ಮೂವತ್ತೆಂಟು ವಯಸ್ಸು. ಗಂಡ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ತಾಯಿ ಬಸಮ್ಮನ ಜೊತೆ ಊರೊಳಗಿನ ಮನೆಯಲ್ಲಿದ್ದುಕೊಂಡು, ಕೆರೆಯಾಚೆಯ ಹಟ್ಟಿಯ ಶಾಲೆಗೆ ದಿನವೂ ಒಂದೂವರೆ ಮೈಲಿ ನಡೆದು ಹೋಗಿ ಬರುತ್ತಿದ್ದರು. ಹಿಂದಿನ ವರ್ಷ ಆ ಶಾಲೆಯ ಜಗಲಿಗೆ ಒಂದು ಕಂದು ಬಣ್ಣದ ಮರಿ ಬಂದು ಸೇರಿಕೊಂಡಿತ್ತು. ಬೆಳಿಗ್ಗೆ ಹೆಸರು ಕೂಗುವ ಹೊತ್ತಿಗೆ ಸರಿಯಾಗಿ ಬಾಗಿಲಲ್ಲಿ ಬಂದು ಕೂರುತ್ತಿತ್ತು. ಮಕ್ಕಳೇ ಅದಕ್ಕೆ ‘ಹಾಜರಿ’ ಎಂದು ಹೆಸರಿಟ್ಟರು. ಬೇಸಿಗೆ ರಜೆಗೆ ಶಾಲೆಯ ಬೀಗ ಹಾಕಿ ಹೊರಟ ಕೊಟ್ರಮ್ಮನ ಹಿಂದೆಯೇ ಅದು ಕೆರೆಯೇರಿ ದಾಟಿ ಮನೆಗೆ ಬಂತು.

“ಇದೇನೇ, ಇದಕ್ಕೂ ಪಾಠ ಹೇಳ್ತೀಯೇನು?” ಎಂದು ಬಸಮ್ಮ ಬೈದರು. ಬೈದಾದ ಮೇಲೆ ಒಂದು ತಟ್ಟೆಯಲ್ಲಿ ಅಂಬಲಿ ಹಾಕಿದರು.

ಹಾಜರಿಗೆ ಕೋಳಿ ಕಂಡರೆ ಅಟ್ಟಿಸಿಕೊಂಡು ಹೋಗುವ ಚಾಳಿ. ಹಟ್ಟಿಯ ದಾರಿಯಲ್ಲಿ ಕೋಳಿಗಳೇ ಹೆಚ್ಚು. ಹಗ್ಗ ಬಂದದ್ದು ಅದಕ್ಕೆ. ಅದೊಂದು ಬಿಟ್ಟರೆ ನಾಯಿ ಬಲು ಸಾಧು.

ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ದಾವಣಗೆರೆ ರಸ್ತೆಗೆ ಟಾರು ಹಾಕುವ ಕೆಲಸ ಶುರುವಾಯಿತು. ಕೆರೆಯೇರಿಗೆ ಹತ್ತುವ ತಿರುವಿನಲ್ಲಿ ಕೆಲಸಗಾರರ ಗುಡಾರಗಳೆದ್ದವು. ಜಲ್ಲಿಯ ಗುಡ್ಡೆ, ಟಾರಿನ ಪೀಪಾಯಿ, ಒಂದು ರೋಲರ್, ಪಕ್ಕದಲ್ಲೇ ಒಂದು ಚಹಾದಂಗಡಿ. ಬೆಳಿಗ್ಗೆ ಟಾರು ಕಾಯುವ ತನಕ ಗಂಡಸರಿಗೆ ಕೆಲಸವಿರುತ್ತಿರಲಿಲ್ಲ. ಕೊಟ್ರಮ್ಮ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಹಗ್ಗ ಹಿಡಿದು ಆ ಅಂಗಡಿ ದಾಟುತ್ತಿದ್ದದ್ದು ಸರಿಯಾಗಿ ಅದೇ ಹೊತ್ತಿಗೆ.

ಮೊದಲ ದಿನ ಒಬ್ಬ ಬೌ ಬೌ ಎಂದ. ಉಳಿದವರು ನಕ್ಕರು. ಎರಡನೆಯ ದಿನ ನಾಯಿಯ ಕಾಲಬುಡಕ್ಕೆ ಜಲ್ಲಿಕಲ್ಲು ಬಂದು ಬಿತ್ತು. ಆಮೇಲೆ ಅದು ದಿನದ ಆಟವೇ ಆಯಿತು. ಆಟದ ಮುಂದಾಳು ರೋಲರ್ ಓಡಿಸುವ ಮಾರಪ್ಪ, ಹಿರಿಯೂರಿನವನು. ಖಾಕಿ ಪ್ಯಾಂಟು, ಹೆಗಲ ಮೇಲೊಂದು ಕೆಂಪು ಟವೆಲು. ಅವನು ಬನ್ನು ತೋರಿಸಿ ಹಾಜರಿಯನ್ನು ಹತ್ತಿರಕ್ಕೆ ಕರೆದು, ಬಾಯಿ ಹಾಕುವಷ್ಟರಲ್ಲಿ ಕೈ ಮೇಲಕ್ಕೆತ್ತಿ ತಾನೇ ಕಚ್ಚಿ ತಿನ್ನುತ್ತಿದ್ದ. ವಾರ ಕಳೆಯುವಷ್ಟರಲ್ಲಿ ಆ ಸಾಧು ನಾಯಿ ಚಹಾದಂಗಡಿ ದೂರದಲ್ಲಿ ಕಂಡರೇ ಗುರುಗುಟ್ಟತೊಡಗಿತು. ಕೊಟ್ರಮ್ಮ ಹಗ್ಗವನ್ನು ಗಿಡ್ಡ ಮಾಡಿ, ಮುಷ್ಟಿಗೆ ಎರಡು ಸುತ್ತು ಸುತ್ತಿ, ತಲೆ ತಗ್ಗಿಸಿ ಬೇಗಬೇಗ ನಡೆಯುತ್ತಿದ್ದರು.

ಒಂದು ದಿನ ತಡೆಯಲಾರದೆ ನಿಂತು ಕೇಳಿದರು: “ಯಾಕ್ರಪ್ಪ, ಮೂಕ ಪ್ರಾಣಿನ ಯಾಕೆ ಹಿಂಗೆ ಕೆಣಕ್ತೀರಿ?”

“ನಾವು ನಾಯಿ ಜೊತೆ ಮಾತಾಡ್ತಾ ಇದೀವಿ ಟೀಚರಮ್ಮ,” ಎಂದ ಮಾರಪ್ಪ. “ನಿಮ್ಮ ಜೊತೆ ಅಲ್ಲ.”

ಅಂಗಡಿಗೆ ಅಂಗಡಿಯೇ ನಕ್ಕಿತು. ಆ ನಗುವಿನಲ್ಲಿ ಕೊಟ್ರಮ್ಮನಿಗೆ ಅರ್ಥವಾಗಿಹೋಯಿತು. ಊರ ಟೀಚರನ್ನು, ಅದರಲ್ಲೂ ಗಂಡನಿಲ್ಲದವಳನ್ನು ನೇರವಾಗಿ ರೇಗಿಸುವ ಧೈರ್ಯ ಇವರಿಗಿಲ್ಲ. ಅದಕ್ಕೆ ನಾಯಿ ಒಂದು ದಾರಿ. ಮರುದಿನ ಹಾಜರಿಯನ್ನು ಹಿತ್ತಲಲ್ಲಿ ಕಟ್ಟಿ ಒಬ್ಬರೇ ಹೋದರು. ಅವತ್ತೂ ಅಂಗಡಿಯ ಗಂಡಸರು ಬೊಗಳಿದರು. ಮನೆಗೆ ಬಂದರೆ, ನಾಯಿ ದಿನವಿಡೀ ಊಳಿಟ್ಟಿತೆಂದು ತಾಯಿ ತಲೆನೋವು ಬಂದು ಮಲಗಿದ್ದರು. ಬಿಟ್ಟುಹೋಗಿ ಉಪಯೋಗವೇನು? ಅದರ ಮರುದಿನ ಮತ್ತೆ ಹಗ್ಗ ಹಿಡಿದು ಹೊರಟರು.

ಅನಾಹುತವಾದದ್ದು ಒಂದು ಮಂಗಳವಾರ. ಮಾರಪ್ಪ ದಾರಿಗೇ ಅಡ್ಡ ಬಂದು ಬನ್ನು ಚಾಚಿದ. ಹಾಜರಿ ಈ ಸಲ ಬನ್ನಿನ ಕಡೆ ನೋಡಲಿಲ್ಲ, ಮುಖ ತಿರುಗಿಸಿಕೊಂಡು ಕೊಟ್ರಮ್ಮನ ಕಾಲ ಹಿಂದೆ ಸರಿಯಿತು. ಆಟ ಕೆಟ್ಟಿತೆಂದು ಮಾರಪ್ಪ ಬಗ್ಗಿ ಅದರ ಬಾಲ ಹಿಡಿದು ಜಗ್ಗಿದ. ಹಗ್ಗ ಕೈಜಾರಿತು. ಕಣ್ಣು ಮಿಟುಕಿಸುವಷ್ಟರಲ್ಲಿ ನಾಯಿ ಅವನ ಮೀನಖಂಡಕ್ಕೆ ಬಾಯಿ ಹಾಕಿತ್ತು. ಖಾಕಿ ಬಟ್ಟೆ ಹರಿಯಿತು.

“ಅಯ್ಯಯ್ಯೋ! ಹುಚ್ಚು ನಾಯಿ ಕಣ್ರಲೇ! ಹೊಡೀರಿ!”

ಒಬ್ಬ ಸಲಿಕೆ ಎತ್ತಿಕೊಂಡ, ಇನ್ನೊಬ್ಬ ಹಾರೆ. ಕೊಟ್ರಮ್ಮ ಕೊಡೆ ಬಿಸಾಡಿ ನೆಲಕ್ಕೆ ಮಂಡಿಯೂರಿ ನಾಯಿಯನ್ನು ಎದೆಯಡಿಗೆ ಎಳೆದುಕೊಂಡರು. ತಲೆಯ ಮೇಲೆ ಏಟು ಬೀಳುವುದನ್ನೇ ಕಾಯುತ್ತ ಕಣ್ಣು ಮುಚ್ಚಿದರು.

“ಹೊಡೀರಿ, ಹೊಡೀರಿ,” ಎಂಬ ಹೆಂಗಸಿನ ದನಿ ಕೇಳಿಸಿತು. “ಆಮೇಲೆ ಇವನ ಹೊಕ್ಕಳ ಸುತ್ತ ಹದಿನಾಲ್ಕು ಸೂಜಿ ಚುಚ್ಚಿಸ್ರಿ.”

ಕೊಟ್ರಮ್ಮ ಕಣ್ಣು ಬಿಟ್ಟರು. ಐವತ್ತೈದು ದಾಟಿದ ಒಬ್ಬ ಕುರಿಗಾಹಿ ಹೆಂಗಸು, ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಆಳೆತ್ತರದ ಕೋಲು, ಅವರಿಗೂ ಹಾರೆಯವನಿಗೂ ನಡುವೆ ಬಂದು ನಿಂತಿದ್ದಳು. ಕೆರೆಯಂಗಳದಲ್ಲಿ ನಾಲ್ಕು ದಿನದಿಂದ ಮೇಯುತ್ತಿದ್ದ ಹಿಂಡಿನವಳು.

“ಸರಿಯಮ್ಮ ಆಚೆ! ಕಚ್ಚಿರೋದು ಕಾಣಲ್ವಾ?” ಎಂದ ಹಾರೆಯವನು.

“ಕಾಣತೈತೆ. ಅದಕ್ಕೇ ಹೇಳ್ತಿರೋದು. ನಾಯಿ ಬದುಕಿದ್ರೆ ತಾನೆ ಹುಚ್ಚೋ ಅಲ್ವೋ ಅಂತ ಗೊತ್ತಾಗೋದು? ಈಗ ಸಾಯಿಸಿಬಿಟ್ರೆ ಯಾರನ್ನ ಕೇಳ್ತೀರಿ?” ಅವಳು ಮಾರಪ್ಪನ ಕಡೆ ತಿರುಗಿದಳು. “ಏನಪ್ಪ, ನಿನ್ನ ಜೀವ ಈಗ ಆ ನಾಯಿ ಜೀವದಾಗೆ ಐತೆ. ಸಾಯಿಸ್ಲಿ ಅಂತೀಯೋ, ಬಿಡ್ಲಿ ಅಂತೀಯೋ? ನೀನೇ ಹೇಳು.”

ಮಾರಪ್ಪನ ಮುಖದಲ್ಲಿ ರಕ್ತವೇ ಇರಲಿಲ್ಲ. “ಬಿಡ್ರಲೇ,” ಎಂದ ಸಣ್ಣ ದನಿಯಲ್ಲಿ. “ಹಾರೆ ಕೆಳಗಿಡ್ರಿ.”

“ಇನ್ನೊಂದು ಮಾತು,” ಎಂದಳು ಅವಳು, ಎಲ್ಲರಿಗೂ ಕೇಳುವಂತೆ. “ನಾಕು ದಿನದಿಂದ ಏರಿ ಮೇಲೆ ಕುಂತು ನೋಡ್ತಾ ಇದೀನಿ. ಕಚ್ಚಿದ್ದು ನಾಯಿ, ಕಚ್ಚಿಸಿಕೊಂಡಿದ್ದು ಇವನೇ. ಯಾರು ಕೇಳಿದ್ರೂ ಹಿಂಗೇ ಹೇಳ್ತೀನಿ. ನನ್ನ ಹೆಸರು ಮಲ್ಲಕ್ಕ. ಮತ್ತೋಡು ನಮ್ಮೂರು.”

ಊರಿನ ಡಾಕ್ಟರು ಗಾಯವನ್ನು ಸೋಪು ಹಚ್ಚಿ ಬಹಳ ಹೊತ್ತು ತೊಳೆದರು. ಹಲ್ಲು ಬಟ್ಟೆಯ ಮೇಲಿಂದ ಗೀರಿತ್ತು ಅಷ್ಟೆ, ಆಳಕ್ಕೆ ಇಳಿದಿರಲಿಲ್ಲ.

“ನಾಯಿ ತಾನಾಗೇ ಬಂದು ಕಚ್ಚಿತಾ, ಕೆಣಕಿದ್ದಕ್ಕೆ ಕಚ್ಚಿತಾ? ಸುಳ್ಳು ಹೇಳಬೇಡ, ನಿನಗೇ ಕಷ್ಟ.”

ಮಾರಪ್ಪ ಬಾಗಿಲ ಬಳಿ ನಿಂತಿದ್ದ ಕೊಟ್ರಮ್ಮನನ್ನು ಒಮ್ಮೆ ನೋಡಿದ. “ನಾನೇ ಕೆಣಕಿದೆ ಸಾರ್.”

“ಹಾಗಾದರೆ ನಾಯಿಯನ್ನು ಹತ್ತು ದಿನ ಕಟ್ಟಿ ನೋಡಿ. ಊಟ ಮಾಡಿ, ನೀರು ಕುಡಿದು ಚೆನ್ನಾಗಿದ್ದರೆ ಸರಿ. ಒಂದಿಷ್ಟು ವ್ಯತ್ಯಾಸ ಕಂಡರೂ ಆ ಗಳಿಗೆಯಲ್ಲೇ ಚಿತ್ರದುರ್ಗಕ್ಕೆ ಹೊರಡು, ಸೂಜಿ ಶುರು ಮಾಡಬೇಕು.”

ಹೀಗೆ ಹಾಜರಿ ಹಿತ್ತಲ ಬೇವಿನ ಮರಕ್ಕೆ ಕಟ್ಟಿಸಿಕೊಂಡಿತು, ಮಾರಪ್ಪ ಹಿತ್ತಲ ಬಾಗಿಲಿಗೆ. ಬೆಳಿಗ್ಗೆ ಕೆಲಸಕ್ಕೆ ಮುಂಚೆ ಒಮ್ಮೆ, ಸಂಜೆ ಕೆಲಸ ಮುಗಿದ ಮೇಲೆ ಒಮ್ಮೆ ಬಂದು ನಿಲ್ಲುತ್ತಿದ್ದ. ಮೊದಲೆರಡು ದಿನ ಒಳಗೆ ಕಾಲಿಡಲಿಲ್ಲ. ಅಲ್ಲಿಂದಲೇ, “ನೀರು ಕುಡೀತಾ?” ಎನ್ನುವನು. “ಕುಡೀತು,” ಎಂದು ಬಸಮ್ಮ ಹೇಳಿದರೆ ಕೈಮುಗಿದು ಹೋಗುವನು. ಮೂರನೆಯ ದಿನ ಬಸಮ್ಮ, “ಬಾರಪ್ಪ ಒಳಗೆ, ಬಿಸಿಲಾಗೆ ನಿಂತು ನಿನಗೇ ಏನಾದ್ರೂ ಆದೀತು,” ಎಂದು ಕರೆದು ಮಜ್ಜಿಗೆ ಕೊಟ್ಟರು. ಕೊಟ್ರಮ್ಮನಿಗೆ ತಾಯಿಯ ಮೇಲೆ ಸಿಟ್ಟು ಬಂತು. ಆದರೆ ಅವನು ಮಜ್ಜಿಗೆ ಕುಡಿಯುವುದನ್ನೂ ಮರೆತು ನಾಯಿಯ ನೀರಿನ ತಟ್ಟೆಯನ್ನೇ ನೋಡುತ್ತಿದ್ದುದನ್ನು ಕಂಡ ಮೇಲೆ ಸಿಟ್ಟು ನಿಲ್ಲಲಿಲ್ಲ.

ಆರನೆಯ ದಿನ ಭಾನುವಾರ ಹಾಜರಿ ಅಂಬಲಿ ಮುಟ್ಟಲಿಲ್ಲ. ನೀರಿನ ತಟ್ಟೆಯನ್ನು ಮೂಸಿ ಮುಖ ತಿರುಗಿಸಿತು. ಬೆಳಿಗ್ಗೆ ಬಂದ ಮಾರಪ್ಪ ಅದನ್ನು ಕಂಡು ಅಲ್ಲೇ ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತ. “ಎರಡು ಹೆಣ್ಮಕ್ಕಳು ಅವೆ ಟೀಚರಮ್ಮ, ಹಿರಿಯೂರಾಗೆ,” ಎಂದ. “ದೊಡ್ಡದು ನಿಮ್ಮಂಥಾ ಟೀಚರ ಹತ್ರಾನೇ ಓದ್ತೈತೆ.”

ಕೊಟ್ರಮ್ಮ ಓಡುತ್ತಲೇ ಕೆರೆಯಂಗಳಕ್ಕೆ ಹೋಗಿ ಮಲ್ಲಕ್ಕನನ್ನು ಕರೆತಂದರು. ಮಲ್ಲಕ್ಕ ನಾಯಿಯ ಹತ್ತಿರ ಹೋಗಲಿಲ್ಲ. ದೂರದಲ್ಲಿ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ಅದರ ಕಣ್ಣು, ದವಡೆ, ನಡೆ ನೋಡಿದಳು. ಆಮೇಲೆ ಬಸಮ್ಮನ ಕಡೆ ತಿರುಗಿ, “ಏನು ತಿನ್ನಿಸಿದ್ರಿ?” ಎಂದಳು.

ಬಸಮ್ಮ ಸೆರಗಿನ ತುದಿ ಹಿಡಿದು ನಿಂತರು. “ಪಕ್ಕದ ಮನ್ಯೋರು ಹೋಳಿಗೆ ಕೊಟ್ಟಿದ್ರು. ಪಾಪ, ಎಷ್ಟು ದಿನ ಇರ್ತೈತೋ ಏನೋ ಅಂತ ರಾತ್ರಿ…”

“ಎಷ್ಟು?”

“ಏಳು.”

ಮಲ್ಲಕ್ಕ ಎದ್ದು ಸೀರೆ ಕೊಡವಿಕೊಂಡಳು. “ಹೊಟ್ಟೆ ಉಬ್ಬರಿಸೈತೆ, ಅಷ್ಟೆ. ಮಧ್ಯಾಹ್ನದ ತನಕ ಕಾಯ್ರಿ.”

ಮಾರಪ್ಪ ಎಲ್ಲಿಗೂ ಹೋಗಲಿಲ್ಲ. ಕಲ್ಲಿನ ಮೇಲೆ ಕೂತೇ ಇದ್ದ. ಮಲ್ಲಕ್ಕನೂ ಕೂತಳು. ಆ ಕಾಯುವ ಹೊತ್ತಿನಲ್ಲೇ ಅವಳು ಕೊಟ್ರಮ್ಮನಿಗೆ ಒಂದಿಷ್ಟು ಹೇಳಿಕೊಟ್ಟದ್ದು.

“ನೀವು ಹಗ್ಗ ಬಿಗಿ ಹಿಡೀತೀರಿ. ಅಂಗಡಿ ಕಂಡ ಕೂಡ್ಲೇ ಹಿಡೀತೀರಿ, ನೋಡಿದೀನಿ. ನಿಮ್ಮ ಭಯ ಹಗ್ಗದಾಗೆ ಹರಿದು ಅದರ ಕೊರಳಿಗೆ ಹೋಗತೈತೆ. ಸಡಿಲ ಬಿಡ್ರಿ. ಅವರಿಗೂ ಅದಕ್ಕೂ ನಡುವೆ ನೀವು ಬರ್ರಿ. ಅದರ ಜೊತೆ ಏನಾದ್ರೂ ಮಾತಾಡ್ತಾ ಹೋಗ್ರಿ, ನಿಮ್ಮ ಮುಖ ನೋಡ್ಲಿ.”

“ಅವರು ಬಿಡದೇ ಹೋದ್ರೆ?”

“ಯಾಕೆ ಕೆಣಕ್ತೀರಿ ಅಂತ ಕೇಳ್ಬೇಡ್ರಿ. ಕೇಳಿದ್ರೆ ಅವರು ಏನಾದ್ರೂ ಒಂದು ಉತ್ತರ ಕೊಡ್ತಾರೆ, ನಗ್ತಾರೆ. ನಾಯಿ ಕಚ್ಚತೈತೆ, ದೂರ ಸರೀರಿ ಅಂತ ಹೇಳ್ರಿ. ಅಷ್ಟೇ. ಹೇಳಿ ನಿಂತ್ಕಳ್ರಿ. ಮಕ್ಕಳಿಗೆ ಹೇಳಲ್ವಾ, ಹಂಗೆ.”

ಮಾರಪ್ಪ ನೆಲ ನೋಡುತ್ತ ಕೇಳಿಸಿಕೊಳ್ಳುತ್ತಿದ್ದ. ಬಿಸಿಲು ನೆತ್ತಿ ದಾಟುವ ಹೊತ್ತಿಗೆ ಹಾಜರಿ ಎದ್ದು, ಮೈಮುರಿದು, ತಟ್ಟೆಗೆ ಬಾಯಿ ಹಾಕಿ ಲೊಚಲೊಚನೆ ನೀರು ನೆಕ್ಕಿತು. ಮಾರಪ್ಪ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ.

ಹತ್ತನೆಯ ದಿನ ಸಂಜೆ ಅವನು ಕ್ಷೌರ ಮಾಡಿಸಿಕೊಂಡು, ಮಡಿ ಅಂಗಿ ಹಾಕಿಕೊಂಡು ಬಂದ. ಹಾಜರಿ ಬಾಲ ಅಲ್ಲಾಡಿಸಿತು. ಅದಕ್ಕೆ ಅವನ ಮೇಲೆ ಯಾವ ಹಗೆಯೂ ಉಳಿದಂತಿರಲಿಲ್ಲ. ಅವನು ನಾಯಿಗೆ ಕೈಮುಗಿದ. ಆಮೇಲೆ ಕೊಟ್ರಮ್ಮನ ಕಡೆ ತಿರುಗಿ, “ನೀವು ಅವತ್ತು ಡಾಕ್ಟರ ಹತ್ರ ಒಂದು ಮಾತೂ ಆಡ್ಲಿಲ್ಲ. ಬೈಬಹುದಿತ್ತು,” ಎಂದ.

“ಭಯಕ್ಕೆ ಬಾಯೇ ಬರ್ಲಿಲ್ಲ ಮಾರಪ್ಪ,” ಎಂದರು ಕೊಟ್ರಮ್ಮ, ನಿಜವನ್ನೇ. ಇಬ್ಬರಿಗೂ ನಗು ಬಂತು.

ಮರುದಿನ ಹಾಜರಿ ಮತ್ತೆ ರಸ್ತೆಗಿಳಿಯಿತು. ಚಹಾದಂಗಡಿಯ ಮುಂದೆ ದಾವಣಗೆರೆ ಕಡೆಯ ಲಾರಿಯೊಂದು ನಿಂತಿತ್ತು. ಏನೂ ಗೊತ್ತಿಲ್ಲದ ಅದರ ಕ್ಲೀನರ್ ನಾಯಿಯನ್ನು ಕಂಡು ಬೊಗಳುತ್ತ ಮುಂದೆ ಬಂದ. ಕೊಟ್ರಮ್ಮನ ಮುಷ್ಟಿ ತಾನಾಗೇ ಬಿಗಿಯಿತು. ಅವರು ಅದನ್ನು ಬಿಡಿಸಿದರು. ನಾಯಿಯನ್ನು ಎಡಗಡೆಗೆ ಕರೆದು, ತಾವು ನಡುವೆ ಬಂದು, ತಲೆಯೆತ್ತಿ ಅವನ ಮುಖ ನೋಡಿದರು.

“ನಾಯಿ ಕಚ್ಚತೈತೆ. ದೂರ ಸರೀರಿ.”

ಆ ದನಿ ಮೂವತ್ತು ಮಕ್ಕಳ ಕ್ಲಾಸಿನ ಹಿಂದಿನ ಸಾಲಿಗೆ ಮುಟ್ಟುವ ದನಿ. ಕ್ಲೀನರ್ ಸರಿದ. ಅಂಗಡಿಯಲ್ಲಿ ಒಬ್ಬರೂ ನಗಲಿಲ್ಲ. ಹಾಜರಿ ಕೊಟ್ರಮ್ಮನ ಮುಖವನ್ನೇ ನೋಡುತ್ತ ಏರಿ ಹತ್ತಿತು. ಏರಿಯ ನಡುವೆ ಬಂದ ಮೇಲೆ ಅವರು ಒಂದು ಕಲ್ಲಿನ ಮೇಲೆ ಕೂತರು. ಹೆದರಿಕೆಯಿಂದಲ್ಲ. ಇಷ್ಟು ಸುಲಭದ ಮಾತನ್ನು ಹೇಳಿಕೊಡಲು ಯಾರೋ ಮತ್ತೋಡಿನಿಂದ ನಡೆದು ಬರಬೇಕಾಯಿತಲ್ಲ ಎಂದು ಕಣ್ಣು ತುಂಬಿತ್ತು.

ಆ ವಾರವೇ ಹಿಂಡು ಹೊರಡುವುದೆಂದು ತಿಳಿದು, ಕೊಟ್ರಮ್ಮ ಒಂದು ಹಸಿರು ಇಳಕಲ್ ಸೀರೆ ತೆಗೆದುಕೊಂಡು ಬೆಳಿಗ್ಗೆಯೇ ಕೆರೆಯಂಗಳಕ್ಕೆ ಹೋದರು. ಬೇಡ ಎನ್ನುತ್ತಾಳೆಂದು ಏನೇನೋ ಒತ್ತಾಯದ ಮಾತು ಯೋಚಿಸಿಕೊಂಡಿದ್ದರು. ಮಲ್ಲಕ್ಕ ಬೇಡ ಎನ್ನಲಿಲ್ಲ. ಸೀರೆ ಬಿಚ್ಚಿ, ಹೊಸಬಟ್ಟೆಯ ವಾಸನೆ ನೋಡಿ, “ಹಸಿರು ನಂಗೆ ಒಪ್ಪತೈತೆ,” ಎಂದು ಕಂಬಳಿಯೊಳಗೆ ಜೋಪಾನವಾಗಿ ಸುತ್ತಿಟ್ಟುಕೊಂಡಳು.

“ಗುರುತಿಲ್ಲ, ಪರಿಚಯ ಇಲ್ಲ. ನನಗೋಸ್ಕರ ಹಾರೆಗೆ ಅಡ್ಡ ನಿಂತ್ರಲ್ಲ ಮಲ್ಲಕ್ಕ,” ಎಂದರು ಕೊಟ್ರಮ್ಮ.

“ನಿಮಗೋಸ್ಕರ ಅಲ್ಲ ಟೀಚರಮ್ಮ, ನಾಯಿಗೋಸ್ಕರ. ನಿಮ್ಮನ್ನ ಆಮೇಲೆ ನೋಡಿದ್ದು.” ಮಲ್ಲಕ್ಕ ನಕ್ಕಳು. “ನೋಡಿದ ಮೇಲೆ ಇಬ್ಬರಿಗೂ ನಿಂತೆ ಅಂತ ಇಟ್ಕಳ್ರಿ.”

“ಇನ್ನೇನು ಬೇಕು ಹೇಳ್ರಿ. ಸಂಕೋಚ ಬೇಡ.”

ಮಲ್ಲಕ್ಕ ಹಿಂಡಿನ ಕಡೆ ನೋಡಿದಳು. ಕುರಿಗಳು ಆಗಲೇ ಎದ್ದು ಧೂಳೆಬ್ಬಿಸುತ್ತಿದ್ದವು. “ಮನೆ ಬಿಟ್ಟು ಎರಡು ತಿಂಗಳಾತು. ಮೈಗೆ ಬಿಸಿನೀರು ಬಿದ್ದಿಲ್ಲ,” ಎಂದಳು.

ಹಿಂಡು ಅವತ್ತು ಒಂದು ಹೊತ್ತು ತಡವಾಗಿ ಹೊರಟಿತು. ಬಸಮ್ಮ ಹಂಡೆ ತುಂಬ ನೀರು ಕಾಯಿಸಿ, ಮಲ್ಲಕ್ಕನ ನೆತ್ತಿಗೆ ಹರಳೆಣ್ಣೆ ತಟ್ಟಿ, ಸೀಗೆಪುಡಿ ಉಜ್ಜಿ ತಾವೇ ನೀರು ಹೊಯ್ದರು. ಮಲ್ಲಕ್ಕ ಬಚ್ಚಲಿನಿಂದಲೇ, “ಇನ್ನೊಂದು ಚೊಂಬು, ಅವ್ವಾ,” ಎನ್ನುತ್ತಿದ್ದಳು. ಅದಾದ ಮೇಲೆ ಪ್ರತಿ ವರ್ಷ ಸಂಕ್ರಾಂತಿ ಕಳೆದು ಮತ್ತೋಡಿನ ಕುರಿಗಳು ಕೆರೆಯಂಗಳಕ್ಕಿಳಿದ ಸುದ್ದಿ ಬಂದ ಕೂಡಲೇ, ಕೊಟ್ರಮ್ಮ ಶಾಲೆಗೆ ಹೊರಡುವ ಮುಂಚೆ ಹಂಡೆಯ ಒಲೆಗೆ ಸೌದೆ ಇಟ್ಟು, ತಾಯಿಗೆ ಹೇಳಿ ಹೋಗುತ್ತಿದ್ದರು.