ಕೈ ಹೊರಗಿದ್ಯಾ

ಹತ್ತೂ ಬೆರಳು ಇವೆ, ಕಾಫಿ ಲೋಟದ ಸುತ್ತ ಐದು, ಮೇಜಿನ ಮೇಲೆ ತಾಳ ಹಾಕುತ್ತಿರುವ ಐದು, ಬಲಗೈಯ ಉಂಗುರ ಬೆರಳಲ್ಲಿ ಅದೇ ಹವಳ, ಆರು ವರ್ಷದಲ್ಲಿ ವಿಜಯಕುಮಾರನ ಕೂದಲು ಹೋಗಿದೆ, ಹೊಟ್ಟೆ ಬಂದಿದೆ, ಬೆರಳಿಗೆ ಮಾತ್ರ ಏನೂ ಆಗಿಲ್ಲ, ಕಾತ್ಯಾಯಿನಿ ಎಣಿಸಿ ಮುಗಿಸಿ ಮತ್ತೆ ಮೊದಲಿಂದ ಎಣಿಸುತ್ತಾಳೆ, ಅವನು ಅವಳ ಕಡೆ ತಿರುಗಿ ಆಪರೇಟರ್‌ಗಳಿಗೆ ನಮ್ಮ ಸಾಫ್ಟ್‌ವೇರ್ ಮಕ್ಕಳಾಟ ಮೇಡಂ ಎನ್ನುತ್ತಾನೆ — ಮೇಡಂ ಅಂತೆ, ಗುರುತೇ ಸಿಕ್ಕಿಲ್ಲ, ಆಗ ಏ ಹುಡುಗಿ ಎನ್ನುತ್ತಿದ್ದ, ಬನಶಂಕರಿಯ ಆ ಶೆಡ್ಡಿನಲ್ಲಿ ಎರಡು ವರ್ಷ ಅವನ ಕೈಕೆಳಗೆ ದುಡಿದರೂ ಅವಳ ಹೆಸರು ಒಂದು ಸಲವೂ ಅವನ ಬಾಯಿಗೆ ಬರಲಿಲ್ಲ, ಕೊನೆಗೆ ತಪ್ಪು ಹೊರಿಸಿದ ವರದಿಯಲ್ಲೂ ಕಿರಿಯ ಇಂಜಿನಿಯರ್ ಎಂದಷ್ಟೇ ಬರೆದ, ಹಾಗೆ ಹೆಸರೂ ಇಲ್ಲದೆ ಆಚೆ ಬಿದ್ದವಳು ಈಗ ಜೆ.ಪಿ. ನಗರದ ಈ ಕಾರ್ಖಾನೆಯಲ್ಲಿ ಮೇಜಿನ ಈಚೆ ಕೂತಿದ್ದಾಳೆ, ಮುಂದೆ ಒಂದು ಹಾಳೆ, ಹಾಳೆಯಲ್ಲಿ ಮೂರು ಸಾಲು, ಮೂರು ಸಾಫ್ಟ್‌ವೇರ್, ಮಸಾಲೆ ಪುಡಿ ತುಂಬಿ ಪೊಟ್ಟಣದ ಬಾಯಿ ಬೆಸೆಯುವ ಯಂತ್ರಗಳು ಇಲ್ಲಿ ತಯಾರಾಗುತ್ತವೆ, ಇನ್ನು ಐದು ವರ್ಷ ಇಲ್ಲಿಂದ ಹೊರಡುವ ಪ್ರತಿ ಯಂತ್ರದ ಪರದೆಯಲ್ಲಿ ಯಾರ ಸಾಫ್ಟ್‌ವೇರ್ ಇರಬೇಕು, ಆಪರೇಟರ್ ಏನು ಮುಟ್ಟಿದರೆ ಓಡಬೇಕು, ಏನು ಮುಟ್ಟಿದರೆ ನಿಲ್ಲಬೇಕು, ಇವತ್ತು ಮಧ್ಯಾಹ್ನದೊಳಗೆ ಹೇಳಬೇಕಾದವಳು ಅವಳು, ನೀನು ಹೇಳಿದ್ದೇ ಫೈನಲ್ ಕಣಮ್ಮ ಎಂದಿದ್ದಾರೆ ಮಾಲೀಕರು ತಿರುಮಲೇಶ್, ವಿಜಯಕುಮಾರ ಈಗ ಸ್ವಂತ ಏಜೆನ್ಸಿ ಇಟ್ಟುಕೊಂಡು ಬಿಟಿಎಂ ಬಡಾವಣೆಯಲ್ಲಿ ಯಾರದೋ ಮಹಡಿಯ ಮೇಲೆ ಕೂತಿದ್ದಾನೆ, ಈ ಆರ್ಡರ್ ಸಿಗದಿದ್ದರೆ ಶಟರ್ ಎಳೆಯಬೇಕಾಗುತ್ತೆ ಸಾರ್ ಎಂದು ಅವನೇ ನಗುನಗುತ್ತಾ ಹೇಳಿಕೊಂಡ, ಎಳಿ, ಎಳಿಯಪ್ಪ ಶಟರ್, ಅವನ ಸಾಲಿನ ಮುಂದೆ ಒಂದು ದುಂಡನೆಯ ಸೊನ್ನೆ, ಬೆಳಿಗ್ಗೆ ಹಲ್ಲುಜ್ಜುವಾಗಲೇ ಅವಳು ಅದನ್ನು ಮನಸ್ಸಿನಲ್ಲಿ ಬರೆದು ನೋಡಿದ್ದಾಳೆ.

ಆದರೆ ಸುಮ್ಮನೆ ಬರೆದ ಸೊನ್ನೆ ಸಪ್ಪೆ, ಎಲ್ಲರೆದುರು ಸೋಲಬೇಕು, ಅದೇ ತಪ್ಪಿನಲ್ಲೇ ಸೋಲಬೇಕು, ಅದಕ್ಕೇ ಪರ್ಸಿನಲ್ಲಿ ಬನಶಂಕರಿ ಗುಡಿಯ ಕುಂಕುಮ, ಪರೀಕ್ಷೆ ಅವಳೇ ಹುಟ್ಟಿಸಿದ್ದು — ಕುಂಕುಮ ನೀರಿನಲ್ಲಿ ಕಲೆಸಿ ಪರದೆಯ ಹಸಿರು ಗುಂಡಿಗೆ ಬೊಟ್ಟಿಡುವುದು, ಏನಮ್ಮ ಇದು ಡೆಮೋನೋ ಅರಿಶಿನ ಕುಂಕುಮಾನೋ ಎಂದು ತಿರುಮಲೇಶ್ ನಕ್ಕರು, ಬೆಳಿಗ್ಗೆ ಬಂದ ಮೊದಲ ಕಂಪನಿಯ ಪರದೆಗೆ ಬೊಟ್ಟು ತಾಗಿದ್ದೇ ಯಂತ್ರ ಧಡಧಡ ಓಡಿತು, ಎರಡನೆಯದು ಇಂಗ್ಲಿಷಿನಲ್ಲಿ ಏನೋ ಕೇಳಿತು, ಗುಂಡಿ ಇದ್ದಲ್ಲೇ ಓಕೆ ಬಂತು, ಒದ್ದೆ ಬೆರಳು ಇನ್ನೊಮ್ಮೆ ತಾಗಿತು, ಅದೂ ಓಡಿತು, ಆಗ ತಿರುಮಲೇಶ್ ನಗಲಿಲ್ಲ. ಆಯುಧಪೂಜೆಯ ದಿನ ಯಾರೋ ಒಬ್ಬರು ಹೀಗೇ ಬೊಟ್ಟಿಡುತ್ತಾರೆ, ಯಂತ್ರಕ್ಕೆ ಹಣೆ ಎಂದರೆ ಪರದೆ, ಹಣೆಯ ನಡು ಎಂದರೆ ಹಸಿರು ಗುಂಡಿ, ಆರತಿ ಆದಮೇಲೆ ಒಂದು ಸುತ್ತು ಓಡಿಸಬೇಕಲ್ಲ ಎಂದು ಕರೆಂಟ್ ಹಾಕಿಯೇ ಇಟ್ಟಿರುತ್ತಾರೆ, ಆರು ವರ್ಷದ ಹಿಂದೆ ಬನಶಂಕರಿಯಲ್ಲಿ ಅವತ್ತೂ ಹಾಗೇ, ವಿಜಯಕುಮಾರ ಪಂಚೆ ಉಟ್ಟು ಬಂದಿದ್ದ, ನೀವೇ ಇಡಿ ಸಾರ್ ಎಂದರು ಯಾರೋ, ಆ ಯಂತ್ರವನ್ನು ದಿನಾ ಓಡಿಸುವ ಲಕ್ಷ್ಮಿದೇವಮ್ಮ ಹಿಂದಿನ ಬಾಗಿಲು ತೆರೆದು ಪೊಟ್ಟಣ ಬೆಸೆಯುವ ದವಡೆಗಳ ನಡುವೆ ಚೆಂಡುಹೂವಿನ ಸರ ಸಿಕ್ಕಿಸುತ್ತಿದ್ದರು, ಬಾಗಿಲು ತೆರೆದರೆ ಯಂತ್ರ ನಿಲ್ಲಿಸುವ ಸ್ವಿಚ್ಚಿಗೆ ಸಡಗರದಲ್ಲಿ ಯಾರೋ ಟೇಪು ಸುತ್ತಿದ್ದರು, ಹವಳದ ಬೆರಳು ಬಟ್ಟಲಿಗೆ ಇಳಿಯಿತು, ಎದ್ದಿತು, ಹಸಿರಿನ ನಡುವೆ ಕೆಂಪು ಬೊಟ್ಟು, ದವಡೆ ಮುಚ್ಚಿದ ಸದ್ದು ದಿನದ ಸದ್ದೇ, ಏನೂ ಬೇರೆಯಲ್ಲ, ಅದೇ ಅವಳಿಗೆ ಇವತ್ತಿಗೂ ತಡೆಯಲಾಗದ್ದು, ಲಕ್ಷ್ಮಿದೇವಮ್ಮನ ಎಡಗೈಯ ಎರಡು ಬೆರಳು. ಬೊಟ್ಟಿಟ್ಟರೆ ಓಡಬಾರದು ಎಂದು ಅವಳು ಮೊದಲೇ ಒಂದು ಪರದೆ ಬರೆದಿದ್ದಳಲ್ಲ, ಏನು ಬರೆಯಲಿ ಎಂದು ಲಕ್ಷ್ಮಿದೇವಮ್ಮನನ್ನೇ ಕೇಳಿದ್ದಳು, ಅವರು ಮೊರದಲ್ಲಿ ಕೊತ್ತಂಬರಿ ಬೀಜ ಕೇರುತ್ತಾ, ಒನಕೆ ಎತ್ತೋ ಮುಂಚೆ ನಮ್ಮವ್ವ ಕೇಳೋಳು ಕಣವ್ವ, ಕೈ ಹೊರಗಿದ್ಯಾ ಅಂತ, ಹೂಂ ಅನ್ನೋವರ್ಗೂ ಕುಟ್ತಿರ್ಲಿಲ್ಲ, ನಿನ್ ಮಿಷನ್ನೂ ಹಂಗೇ ಕೇಳ್ಲಿ, ಹಾಗೇ ಬರೆದಳು, ಮೂಲೆಯಲ್ಲಿ ಒಂದು ಪುಟ್ಟ ಒನಕೆಯ ಚಿತ್ರವನ್ನೂ ಬಿಡಿಸಿದಳು, ಎರಡು ಸೆಕೆಂಡ್ ಒತ್ತಿ ಹಿಡಿದರೆ ಮಾತ್ರ ಓಡುವ ಹಾಗೆ, ಪೂಜೆಗೆ ವಾರ ಇರುವಾಗ ವಿಜಯಕುಮಾರ ಅದನ್ನು ತೆಗೆಸಿದ, ಎರಡು ಸೆಕೆಂಡ್ ಯಾರು ಕಾಯ್ತಾರೆ ಏ ಹುಡುಗಿ, ಒಂದು ಗಂಟೆಗೆ ಎಷ್ಟು ಪೊಟ್ಟಣ ಕಮ್ಮಿಯಾಗುತ್ತೆ ಗೊತ್ತಾ ಎಂದ, ವಿಚಾರಣೆಯಲ್ಲಿ ಅಂಥ ಪರದೆ ಯಾವತ್ತೂ ಇರಲೇ ಇಲ್ಲ, ಆ ಹುಡುಗಿ ಮಾಡಲೇ ಇಲ್ಲ ಎಂದ, ಅವಳು ಕಂಪ್ಯೂಟರಿನಲ್ಲಿ ಹುಡುಕಿದಳು, ಹುಡುಕಿದಳು, ಫೈಲೇ ಇಲ್ಲ, ಅದೂ ಹೋಗಲಿ, ಆಸ್ಪತ್ರೆಯ ಮಂಚದ ಮೇಲೆ ಬಟ್ಟೆ ಸುತ್ತಿದ ಕೈ ಎದೆಗೊತ್ತಿಕೊಂಡು ಲಕ್ಷ್ಮಿದೇವಮ್ಮ ಅವಳನ್ನೇ ನೋಡಿ ಮೆತ್ತಗೆ, ಬರ್ದಿದ್ದೀನಿ ಅಂದ್ಯಲ್ಲವ್ವ, ಹಂಗಾದ್ರೆ ಯಾಕೆ ಅದು ಕೇಳ್ಲಿಲ್ಲ — ಕೋಪವಿದ್ದಿದ್ದರೆ ವಾಸಿಯಿತ್ತು, ಬರೀ ಅನುಮಾನ, ಈಗ ಅವರು ಯಡಿಯೂರು ಕೆರೆಯ ಹತ್ತಿರ ಹೂ ಮಾರುತ್ತಾರೆ, ಆ ದಾರಿ ತಪ್ಪಿಸಲು ಕಾತ್ಯಾಯಿನಿ ಆರು ವರ್ಷದಿಂದ ತಿಲಕ್ ನಗರ ಸುತ್ತಿಕೊಂಡು ಓಡಾಡುತ್ತಾಳೆ.

ಬನ್ನಿ ಸಾರ್, ನಿಮ್ಮದೂ ನೋಡೋಣ ಎಂದು ಎದ್ದವಳು ಅವಳೇ, ಕೆಳಗೆ ಪರೀಕ್ಷೆಯ ಯಂತ್ರಕ್ಕೆ ಅವನ ಪರದೆ ಜೋಡಿಸಿಯಾಗಿದೆ, ಡೆಮೋ ಎಲ್ಲ ರೆಕಾರ್ಡ್ ಮಾಡಿಡುವುದು ಇಲ್ಲಿಯ ರೂಢಿ, ಫ್ಲಾಸ್ಕಿಗೆ ಒರಗಿಸಿದ ಅವಳ ಫೋನು ನೋಡುತ್ತಿದೆ, ಬೆರಳು ಅದ್ದಿದಳು, ಬೊಟ್ಟಿಟ್ಟಳು, ಓಡು, ಓಡಿಬಿಡು — ಓಡಲಿಲ್ಲ. ಪರದೆ ಹಳದಿಯಾಯಿತು, ದಪ್ಪ ಕನ್ನಡ ಅಕ್ಷರ, ಕೈ ಹೊರಗಿದ್ಯಾ, ಕೆಳಗೆ ಎರಡು ಸೆಕೆಂಡ್ ಒತ್ತಿ ಹಿಡಿಯಿರಿ, ಮೂಲೆಯಲ್ಲಿ ಒನಕೆ. ಅವಳ ಒನಕೆ. ತಲೆ ಸ್ವಲ್ಪ ಓರೆ, ಅವಳಿಗೆ ನೆಟ್ಟಗೆ ಬಿಡಿಸಲು ಬಂದಿರಲಿಲ್ಲ, ತೆಗೆದು ಬಿಸಾಡಿಲ್ಲ ಹಾಗಾದರೆ, ತನ್ನ ಜೇಬಿಗೆ ಹಾಕಿಕೊಂಡಿದ್ದಾನೆ, ಸೂಪರ್ ಎಂದು ತಿರುಮಲೇಶ್ ಭುಜ ತಟ್ಟುತ್ತಿದ್ದಾರೆ, ಯಾರ ಭುಜ, ಅವನ ಭುಜ, ಅವಳದೇ ಪರದೆಯಿಂದ ಅವನು ಗೆಲ್ಲುತ್ತಿದ್ದಾನೆ, ಆದರೂ ದನಿ ಬೆಣ್ಣೆಯ ಹಾಗೆ ಬರುತ್ತದೆ, ತುಂಬಾ ಚೆನ್ನಾಗಿದೆ ಸಾರ್, ಯಾರ ಡಿಸೈನು, ಯಾವಾಗಿಂದು, ಮತ್ತು ಅವನು ಎದೆ ಉಬ್ಬಿಸಿ, ನಂದೇ ಮೇಡಂ, ಏಳು ವರ್ಷ ಆಯ್ತು, ಬನಶಂಕರೀಲಿದ್ದಾಗ್ಲೇ ಮಾಡಿಟ್ಟಿದ್ದೆ — ಏಳು, ಪೂಜೆಗೆ ಮೊದಲು, ಇರಲೇ ಇಲ್ಲ ಎಂದಿದ್ದ ಪರದೆ, ಫೋನು ಕೇಳಿಸಿಕೊಂಡಿತು, ಸಾಕು, ಇಷ್ಟೇ ಸಾಕಾಗಿತ್ತು, ಒನಕೆ ಯಾವ ಸಾಫ್ಟ್‌ವೇರಿನಲ್ಲಾದರೂ ಬಿಡಿಸಬಹುದು, ಅವಳ ಕೈಗೆ ಅರ್ಧ ಗಂಟೆ, ಅವನು ಯಾಕೆ ಬೇಕು, ಹಾಳೆಯಲ್ಲಿ ಸೊನ್ನೆ ಬರೆದಾಯಿತು, ಪೆನ್ನಿನ ಮುಚ್ಚಳ ಹಾಕಿದಳು, ಆದರೂ ಒಳಗಿನದು ಸುಮ್ಮನಾಗುತ್ತಿಲ್ಲ, ಸಾರ್, ದವಡೆ ಮಧ್ಯೆ ಕೈ ಇಡಿ, ನಾನು ಬೊಟ್ಟಿಡ್ತೀನಿ. ತಮಾಷೆ ಮೇಡಂ ನೀವು. ನಿಮ್ಮದೇ ಡಿಸೈನ್ ತಾನೆ ಸಾರ್, ಕೇಳುತ್ತಲ್ಲ ಅದು, ಕೇಳದೆ ಓಡಲ್ಲವಲ್ಲ. ದವಡೆಯನ್ನು ತಳ್ಳುವ ಗಾಳಿಯ ಕವಾಟವನ್ನು ಕಾಫಿಯ ಹೊತ್ತಿನಲ್ಲೇ ತಿರುಗಿಸಿ ಮುಚ್ಚಿ ಬಂದಿದ್ದಾಳೆ, ಏನು ಮಾಡಿದರೂ ದವಡೆ ಮುಚ್ಚಲಾರದು, ಅದು ಅವಳಿಗೆ ಮಾತ್ರ ಗೊತ್ತು, ಅವನಿಗೆ ಬೇಡ, ಎರಡು ಸೆಕೆಂಡ್ ಇಡಿ ಸಾರ್, ಎರಡೇ ಸೆಕೆಂಡ್. ಕಾತ್ಯಾಯಿನಿ, ಏನಮ್ಮ ಇದು ಎಂದರು ತಿರುಮಲೇಶ್, ಹೆಸರು ಬಿತ್ತು, ವರದಿಯಲ್ಲಿ ಬರೆಯದ ಹೆಸರು, ವಿಜಯಕುಮಾರನ ಕಣ್ಣು ಅವಳ ಮುಖವನ್ನು ಈಗ ಮೊದಲ ಸಲ ನೋಡುತ್ತಿದೆ, ಕನ್ನಡಕ, ಕೂದಲು, ಗಲ್ಲ, ತುಟಿ ಏ ಎಂದು ಅರ್ಧ ತೆರೆದು ಅಲ್ಲೇ ನಿಂತಿದೆ, ಬಲಗೈ ಹವಳದ ಸಮೇತ ಪ್ಯಾಂಟಿನ ಜೇಬಿನೊಳಗೆ ಇಳಿಯುತ್ತಿದೆ, ಇಳಿಯಿತು, ಸಂಜೆ ಹಿಡಿಯಬೇಕಾದ್ದು ಯಡಿಯೂರಿನ ದಾರಿ, ಲಕ್ಷ್ಮಿದೇವಮ್ಮ ಮೂರು ಬೆರಳಲ್ಲಿ ಫೋನು ಹಿಡಿದು ಕಿವಿಗಿಟ್ಟುಕೊಂಡಾಗ ಹೇಳಬೇಕು, ಕೇಳ್ತಿತ್ತಮ್ಮ ಅದು, ಇವನೇ ಅದರ ಬಾಯಿ ಕಟ್ಟಿದ್ದು, ಪರದೆಯಿಂದ ಕುಂಕುಮದ ನೀರು ಒಂದೆಳೆ ಕೆಳಗೆ ಹರಿದು ಒನಕೆಯ ಹತ್ತಿರ ನಿಂತಿದೆ, ಯಾರೂ ಒರೆಸುತ್ತಿಲ್ಲ, ಯಾರೂ ಹೂಂ ಎನ್ನುತ್ತಿಲ್ಲ, ಕೈ ಹೊರಗಿದ್ಯಾ, ಕೆಂಪು ಬೊಟ್ಟು, ಕೈ ಹೊರಗಿದ್ಯಾ, ಕೆಂಪು ಬೊಟ್ಟು